ಹೊರೆ ಇಳಿಸಿ ಅಳೆದದ್ದು

ಇವತ್ತು ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಅಡುಗೆಮನೆಯಿಂದ ಒಂದು ವಾಸನೆ ಬಂತು. ಅಮ್ಮ ಮಿಕ್ಸಿಯಲ್ಲಿ ತೆಂಗಿನಕಾಯಿ ರುಬ್ಬುತ್ತಿದ್ದಳು. ಕಾಯಿಯ ವಾಸನೆಯ ಹಿಂದೆ ಇನ್ನೊಂದು ಇತ್ತು. ಕಾದು ಮೆತ್ತಗಾದ ಪ್ಲಾಸ್ಟಿಕ್ಕಿನದು, ಹತ್ತಿರ ಹೋದರೆ ಗಂಟಲಲ್ಲಿ ಕೂರುವಂಥದು. ಡೈರಿ ಬರೆಯುತ್ತ ಕೂತಿದ್ದ ನಾನು ಪೆನ್ನಿನ ಮುಚ್ಚಳವನ್ನೂ ಹಾಕದೆ ಓಡಿಹೋಗಿ ಸ್ವಿಚ್ಚು ಆರಿಸಿದೆ.

"ಎಂತಾಯ್ತೇ?" ಎಂದು ಅಮ್ಮ ಬೆಚ್ಚಿಬಿದ್ದಳು.

ಏನೂ ಆಗಿರಲಿಲ್ಲ. ಪ್ಲಗ್ಗು ಸಡಿಲವಾಗಿ ಬಿಸಿಯಾಗಿತ್ತು, ಅಷ್ಟೆ. "ನಿನ್ನ ಮೂಗಿಗೆ ಒಂದು ಬಹುಮಾನ ಕೊಡಬೇಕು ನೋಡು" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಒಂದು ವಾಸನೆಗೆ ಇಷ್ಟೊಂದು ಗಾಬರಿಯೇ ಎಂದು ನೀವು ಕೇಳಬಹುದು. ಹೇಳುತ್ತೇನೆ. ನನ್ನ ಡೈರಿಯಲ್ಲಿ ಹತ್ತು ದಿನಗಳ ಒಂದು ಪಟ್ಟಿ ಇದೆ. ನಾನು ಬರೆದ ಪಟ್ಟಿಗಳಲ್ಲೆಲ್ಲ ಅತ್ಯಂತ ಚೊಕ್ಕವಾದದ್ದು ಅದೇ, ಅತ್ಯಂತ ಸುಳ್ಳಾದದ್ದೂ ಅದೇ.

ಮೊದಲು ನನ್ನ ರೋಗದ ವಿಷಯ. ಎಂಟನೇ ಕ್ಲಾಸಿನಿಂದ ನಾನು ಡೈರಿ ಬರೆಯುತ್ತಿದ್ದೇನೆ. ಬೇರೆಯವರ ಡೈರಿಯಲ್ಲಿ ಮನಸ್ಸಿನ ಮಾತು ಇರುತ್ತದಂತೆ. ನನ್ನದರಲ್ಲಿ ಗೆರೆ ಎಳೆದ ಖಾನೆಗಳಿವೆ. ಬಸ್ಸು ಎಷ್ಟು ಸಲ ತಡವಾಯಿತು, ಹೊಳೆಯ ನೀರು ಯಾವ ಕಲ್ಲಿನವರೆಗೆ ಬಂತು, ಆನೆ ಎಷ್ಟು ಸಲ ದಾಟಿತು, ಅಪ್ಪ ಎಷ್ಟು ಸಲ ಕನ್ನಡಕ ಕಳೆದುಕೊಂಡ. ಯಾವುದನ್ನೂ ಒಂದೇ ಸಲ ನೋಡಿ ಬರೆಯುವುದು ನನ್ನ ಜಾಯಮಾನವಲ್ಲ. ಮೂರು ಸಲ ನೋಡಿ, ಸರಾಸರಿ ತೆಗೆದು, ಆಮೇಲೆ ಬರೆಯಬೇಕು. ಕಾಲೇಜಿನಲ್ಲಿ ಗಣಿತ ಓದಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಈ ಖಾನೆಗಳ ಏಕೈಕ ಅಭಿಮಾನಿ ಎಂದರೆ ನನ್ನ ಅಜ್ಜನ ತಮ್ಮ. ನನ್ನ ಸ್ವಂತ ಅಜ್ಜ ನಾನು ಹುಟ್ಟುವ ಮೊದಲೇ ಹೋದವರು. ಹಾಗಾಗಿ ನಮಗೆ ಅಜ್ಜ ಎಂದರೆ ಅವರೇ. ನಮ್ಮದು ಕೊಳವಳ್ಳಿಯ ಕಡೆ, ಕಬಿನಿಯ ದಡ. ಹೊಳೆಯ ಆಚೆ ಕರ್ನಾಟಕ. ನಮ್ಮ ಮನೆ ರಸ್ತೆಯ ಪಕ್ಕ. ಅಜ್ಜನ ಮನೆ ಗದ್ದೆಯ ಆ ತುದಿಯಲ್ಲಿ, ಹೊಳೆ ಕಾಣುವ ದಿಬ್ಬದ ಮೇಲೆ. ಅಲ್ಲಿ ಅಜ್ಜ ಮತ್ತು ಅವರ ಮಗಳು ಸುಮತಿ ಅತ್ತೆ ಇದ್ದರು. ಅತ್ತೆ ಗದ್ದೆ ನೋಡಿಕೊಳ್ಳುತ್ತಿದ್ದರು, ಅಜ್ಜ ಹೊಳೆ ನೋಡಿಕೊಳ್ಳುತ್ತಿದ್ದರು. ಹಾಗಂತ ಅವರೇ ಹೇಳುತ್ತಿದ್ದರು.

ಕರೆಂಟಿನ ಪೋಸ್ಟುಗಳು ನಮ್ಮ ಮನೆಗೆ ಬಂದು ನಿಂತುಬಿಟ್ಟಿದ್ದವು. ಅಜ್ಜ ತಮಗೆ ಬೇಕೆಂದು ಅರ್ಜಿಯನ್ನೇ ಹಾಕಿರಲಿಲ್ಲ. "ಸೂರ್ಯ ಮುಳುಗೋ ಮೊದಲು ಉಂಡು, ಎಂಟಕ್ಕೆ ಮಲಗೋ ಜೈನನಿಗೆ ಕರೆಂಟು ಎಂತಕ್ಕೆ? ಉಂಡ ಕೈ ಒಣಗಿದೆಯಾ ಅಂತ ನೋಡೋಕಾ?" ಎನ್ನುತ್ತಿದ್ದರು. ಕೊನೆಗೆ ಅತ್ತೆಯ ಕಾಟ ತಡೆಯಲಾರದೆ ಒಂದು ಬಲ್ಬಿಗೆ, ಒಂದು ರೇಡಿಯೋಗೆ ಒಪ್ಪಿದರು. ಅಪ್ಪ ತೆಳ್ಳನೆಯ ವೈರು ತಂದು ನಮ್ಮ ಮನೆಯಿಂದಲೇ ಎಳೆದ. ಸಿಲ್ವರ್ ಓಕ್ ಮರಕ್ಕೆ ಒಮ್ಮೆ ಸುತ್ತಿ, ಹಲಸಿನ ಮರದ ಕವಲಿನಲ್ಲಿ ಹಾಯಿಸಿ, ಗದ್ದೆಯ ಮೇಲೆ ಬಿದಿರ ಗಳುಗಳಿಗೆ ಕಟ್ಟಿ. ವೈರು ಸಾಲದೆ ಬಂದಲ್ಲೆಲ್ಲ ಇನ್ನೊಂದು ತುಂಡು ಹೊಸೆದು ಟೇಪು ಸುತ್ತಿದ. ನಾಲ್ಕು ಗಂಟು. ನಾನು ಆಗಲೇ ಹೆಜ್ಜೆ ಹಾಕಿ ಅಳೆದು ಬರೆದಿದ್ದೆ: ಇನ್ನೂರ ಎಂಬತ್ತಾರು ಮೀಟರು. ಅಜ್ಜನ ಕೋಣೆಯಲ್ಲಿ ಒಂದು ಬಲ್ಬು, ಅದರ ಕೆಳಗೆ ಒಂದು ಸಾಕೆಟ್. ಆ ಮನೆಗೆಲ್ಲ ಅದೊಂದೇ ಸಾಕೆಟ್. ಬಲ್ಬೂ ಹಳೇ ತಂತಿಯ ಬಲ್ಬು. ಬಿಳಿ ಬೆಳಕು ಹಾಕೋಣವೆಂದರೆ "ಅದು ಆಸ್ಪತ್ರೆ ಬೆಳಕು, ಬೇಡ" ಎಂದುಬಿಟ್ಟರು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಬೇಕು. ನಮ್ಮದು ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ಮಲಯಾಳ. ಎರಡರಲ್ಲೂ ಒಂದೇ ಮುಖದ ಮಾತುಗಳಿವೆ. ಮುಖ ಒಂದೇ, ಮನೆ ಬೇರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ "ಅಜ್ಜ, ನಾಳೆ ಸ್ಕೂಲಲ್ಲಿ ನನ್ನ ಉಪನ್ಯಾಸ ಇದೆ" ಎಂದೆ. ಮಲಯಾಳದಲ್ಲಿ ಉಪನ್ಯಾಸವೆಂದರೆ ಪ್ರಬಂಧ. ಬರೆಯುವ ಸ್ಪರ್ಧೆ. ಮರುದಿನ ಅಜ್ಜ ಬಿಳಿ ಪಂಚೆಯುಟ್ಟು, ಶಲ್ಯ ಹೊದ್ದು ಸ್ಕೂಲಿನ ಬಾಗಿಲಲ್ಲಿ ನಿಂತಿದ್ದರು. ಕನ್ನಡದಲ್ಲಿ ಉಪನ್ಯಾಸವೆಂದರೆ ಭಾಷಣವಲ್ಲವೇ? ಮೊಮ್ಮಗಳ ಭಾಷಣ ಕೇಳಲು ಬಂದಿದ್ದರು. ಟೀಚರು ಪಾಪ, ಕುರ್ಚಿ ಕೊಟ್ಟರು. ಅಜ್ಜ ಒಂದು ಗಂಟೆ ಕೂತು ನಾನು ತಲೆ ತಗ್ಗಿಸಿ ಬರೆಯುವುದನ್ನು ನೋಡಿ, "ನಿನ್ನಷ್ಟು ಮೌನವಾಗಿ ಉಪನ್ಯಾಸ ಮಾಡಿದವರನ್ನ ನಾನು ಕಂಡಿಲ್ಲ" ಎಂದು ಎದ್ದುಹೋದರು. ಈ ಕಥೆ ಹೇಳಿ ಮನೆಯವರೆಲ್ಲ ವರ್ಷಗಟ್ಟಲೆ ನಕ್ಕೆವು. ಎರಡು ಭಾಷೆಯ ನಡುವೆ ಜಾರಿಬಿದ್ದರೆ ನಗುವುದಷ್ಟೇ ಇರುತ್ತದೆ ಎಂದು ಆಗ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದಿನ ಮಳೆಗಾಲದಿಂದ ಅಜ್ಜನಿಗೆ ಉಸಿರು ಕಷ್ಟವಾಯಿತು. ಶ್ವಾಸಕೋಶ ಒಣಗುತ್ತಿದೆ ಎಂದರು. ಮನೆಮನೆಗೆ ಬಂದು ರೋಗಿಗಳನ್ನು ನೋಡುವ ಪಾಲಿಯೇಟಿವ್‌ನ ಸಿಸ್ಟರು ಕುಂಭ ಮಾಸದಲ್ಲಿ, ಫೆಬ್ರವರಿಯ ಹೊತ್ತಿಗೆ, ಆಮ್ಲಜನಕದ ಯಂತ್ರವೊಂದನ್ನು ತಂದಿಟ್ಟರು. ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸೋಸಿ, ಮೂಗಿನ ಕೊಳವೆಗೆ ಕೊಡುವ ಯಂತ್ರ. ಸಿಲಿಂಡರಿನ ಹಾಗೆ ಮುಗಿದುಹೋಗುವ ಭಯವಿಲ್ಲ, ಕರೆಂಟು ಒಂದಿದ್ದರೆ ಸಾಕು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಹೋದಾಗ ಸಿಸ್ಟರು ಕೈ ಹಿಡಿದುಕೊಂಡರು.

ಮೊದಲ ಎರಡು ದಿನ ಅಜ್ಜ ಎದ್ದು ಕೂತು ಹೊಳೆ ನೋಡಿದರು. ಮೂರನೇ ದಿನ ಯಂತ್ರದಲ್ಲಿ ಆಗಾಗ ಹಳದಿ ದೀಪ ಹತ್ತತೊಡಗಿತು. ಸಿಸ್ಟರಿಗೆ ಫೋನು ಮಾಡಿದೆ. "ವೋಲ್ಟೇಜು ಕಮ್ಮಿಯಾದರೆ ಹಾಗಾಗುತ್ತದೆ ಮೋಳೆ. ಕಮ್ಮಿಯಾದರೆ ಒಳ್ಳೆ ಗಾಳಿಯೂ ಬರುವುದಿಲ್ಲ. ಒಂದು ಮೀಟರು ಸಿಗುತ್ತದಾ ನೋಡು. ದಿನಾ ಬರೆದಿಟ್ಟು ನನಗೆ ಹೇಳು" ಎಂದರು. ಅವರಿಗೆ ನಾನು ಮೋಳೆ, ಅಂದರೆ ಮಗಳು; ಅತ್ತೆ ಚೇಚಿ, ಅಂದರೆ ಅಕ್ಕ.

ದಿನಾ ಬರೆದಿಡುವುದು! ನನಗೆ ಯಾರಾದರೂ ಹಾಗೆ ಹೇಳುವುದನ್ನೇ ಹುಟ್ಟಿದಾಗಿನಿಂದ ಕಾಯುತ್ತಿದ್ದೆ ಅನ್ನಿಸಿತು. ಕೆಂಪು ಕಡ್ಡಿ, ಕಪ್ಪು ಕಡ್ಡಿಯ ಒಂದು ಮೀಟರು ತಂದೆ. ಹೊಸ ಪುಟ ತೆಗೆದೆ. ಖಾನೆಗಳು: ದಿನ, ವೋಲ್ಟೇಜು, ಬೆಳಿಗ್ಗೆ ಬೆರಳಿಗೆ ಕ್ಲಿಪ್ಪು ಹಾಕಿ ಅತ್ತೆ ನೋಡಿದ ಆಮ್ಲಜನಕದ ಅಂಕಿ, ಅಜ್ಜ ಹೇಳಿದ್ದು.

ಸಂಜೆ ಐದೂವರೆಗೆ, ಅಜ್ಜನ ಊಟ ಮುಗಿದ ಹೊತ್ತಿಗೆ, ಗದ್ದೆಯ ಬದು ದಾಟಿ ಹೋಗುತ್ತಿದ್ದೆ. ಸಾಕೆಟ್ ಒಂದೇ ಎಂದೆನಲ್ಲ. ಮೀಟರಿನ ಕಡ್ಡಿ ತೂರಿಸಲು ಯಂತ್ರದ ಪ್ಲಗ್ಗು ಕೀಳಬೇಕು. ಕಿತ್ತು, ಕಡ್ಡಿ ತೂರಿಸಿ, ಅಂಕಿ ನೋಡುತ್ತಿದ್ದೆ. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಮತ್ತೆ ಸ್ವಲ್ಪ ಬಿಟ್ಟು ಮೂರನೇ ಸಲ. ಕೂಡಿಸಿ ಮೂರರಿಂದ ಭಾಗಿಸಿ ಬರೆದು, ಆಮೇಲೆ ಪ್ಲಗ್ಗು ಹಾಕುತ್ತಿದ್ದೆ. ಬರೆಯುವಾಗ ಕೋಣೆಯಲ್ಲಿ ಬಲ್ಬಿನ ಬೆಳಕು ಚೆನ್ನಾಗಿರುತ್ತಿತ್ತು. ಅದನ್ನೂ ಗಮನಿಸಿ ಖುಷಿಪಟ್ಟಿದ್ದೆ. ಗಮನಿಸಿದ್ದೆ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕುಂಭ ೯, ಸೋಮವಾರ: ೨೨೬. ಕುಂಭ ೧೦: ೨೨೮. ಕುಂಭ ೧೧: ೨೨೫. ಒಂದು ದಿನವೂ ಇನ್ನೂರ ಇಪ್ಪತ್ತಕ್ಕೆ ಇಳಿಯಲಿಲ್ಲ. "ಕರೆಂಟಿಗೆ ಒಂದು ದೋಷವೂ ಇಲ್ಲ ಸಿಸ್ಟರ್" ಎಂದು ನಾನು ದಿನಾ ಫೋನಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆದರೆ ಬೆರಳಿನ ಅಂಕಿ ತೊಂಬತ್ತಮೂರರಿಂದ ತೊಂಬತ್ತೊಂದು, ಎಂಬತ್ತೊಂಬತ್ತು, ಎಂಬತ್ತೇಳು ಎಂದು ಮೆಟ್ಟಿಲಿಳಿಯುತ್ತಿತ್ತು. ಕೊನೆಯ ಖಾನೆಯಲ್ಲಿ ದಿನಾ ಒಂದೇ ಮಾತು. ನಾನು ಹೋಗಿ ಕೂತ ಕೂಡಲೇ ಅಜ್ಜ, ಎರಡು ಉಸಿರಿನ ನಡುವೆ ಸಿಕ್ಕ ಜಾಗದಲ್ಲಿ, ಮೇಲೆ ನೋಡುತ್ತ ಹೇಳುತ್ತಿದ್ದರು: "ಕ್ಷೀಣ ಆಗ್ತಾ ಉಂಟು ಮಗ."

ಮಲಯಾಳದಲ್ಲಿ ಕ್ಷೀಣವೆಂದರೆ ದಣಿವು. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಬಸ್ಸಿಳಿದವರಿಗೆ ಕ್ಷೀಣ, ಜ್ವರ ಬಂದವರಿಗೆ ಕ್ಷೀಣ, ಪರೀಕ್ಷೆ ಬರೆದವರಿಗೆ ಕ್ಷೀಣ. ನಾನು "ಸ್ವಲ್ಪ ಮಲಗಿ ಅಜ್ಜ" ಎಂದು ದಿಂಬು ಸರಿಮಾಡಿ, ಖಾನೆಯಲ್ಲಿ 'ದಣಿವು' ಎಂದು ಬರೆದು ಪಕ್ಕದಲ್ಲೊಂದು ಗೀಟು ಹಾಕುತ್ತಿದ್ದೆ. ಹತ್ತು ದಿನಕ್ಕೆ ಹತ್ತು ಗೀಟು. ಐದೈದರ ಎರಡು ಕಟ್ಟು.

ಎಂಟನೇ ದಿನ ಸಿಸ್ಟರು ಬಂದು ನನ್ನ ಪಟ್ಟಿ ನೋಡಿದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. "ಎಷ್ಟು ಚಂದ ಬರೆದಿದ್ದೀ" ಎಂದರು. ಆಮೇಲೆ ಅತ್ತೆಯನ್ನು ಜಗಲಿಗೆ ಕರೆದು ಮೆಲ್ಲಗೆ ಹೇಳಿದರು: "ಚೇಚಿ, ಕರೆಂಟು ಸರಿಯಿದೆ, ಮೆಷೀನು ಸರಿಯಿದೆ. ಹಾಗಾದರೆ ಶ್ವಾಸಕೋಶವೇ ಸೋಲುತ್ತಿದೆ ಅಂತ ಅರ್ಥ. ಮನಸ್ಸು ಗಟ್ಟಿ ಮಾಡಿಕೊಳ್ಳಿ."

ಅವರು ಎಷ್ಟು ಮೆಲ್ಲಗೆ ಹೇಳಿದರೂ ಜಗಲಿಗೂ ಅಜ್ಜನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮರುದಿನ ಬೆಳಿಗ್ಗೆ ಅಜ್ಜ ಗಂಜಿಯ ಬಟ್ಟಲು ತಳ್ಳಿ "ಅಮಾವಾಸ್ಯೆವರೆಗೆ ನಾನು ಉಪ್ಪು ಬಿಟ್ಟೆ" ಎಂದರಂತೆ. ನಮ್ಮಲ್ಲಿ ಹಿರಿಯರು ಹಾಗೆ ನೇಮ ಹಿಡಿಯುತ್ತಾರೆ. ಮೊದಲು ಒಂದು ರುಚಿ, ಆಮೇಲೆ ಇನ್ನೊಂದು. ಬಿಡುತ್ತ ಬಿಡುತ್ತ ಹೋಗುವುದು. ಇದು ಸಲ್ಲೇಖನದ ದಾರಿ ಎಂದು ಅತ್ತೆಗೆ ಗೊತ್ತಿತ್ತು. ನಾನು ಹೋದಾಗ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದರು. "ಇವತ್ತು ಎಷ್ಟು ಬಂತೇ ನಿನ್ನ ಕರೆಂಟು?" ಎಂದು ತಿರುಗದೆಯೇ ಕೇಳಿದರು. "ಇನ್ನೂರ ಇಪ್ಪತ್ತೇಳು" ಎಂದೆ. "ಒಳ್ಳೇದು" ಎಂದರು.

ಹನ್ನೊಂದನೇ ದಿನ, ಕುಂಭ ೧೯, ಗುರುವಾರ, ಬೊಮ್ಮಣ್ಣ ಬಂದರು. ಅವರು ಕಾಡಿನ ಹಾಡಿಯವರು. ಎಳವೆಯಲ್ಲಿ ಅಜ್ಜನ ಗದ್ದೆಯಲ್ಲಿ ಉತ್ತವರು, ಈಗ ಕಾಡಂಚಿನ ಆನೆ ಬೇಲಿ ಕಾಯುವ ವಾಚರು. ಸೋಲಾರಿನ ಬೇಲಿ, ಮೈಲಿಗಟ್ಟಲೆ ತಂತಿ. ಅದರ ಉದ್ದಕ್ಕೂ ನಡೆದು ಎಲ್ಲಿ ಬಲ ಇದೆ, ಎಲ್ಲಿ ಇಲ್ಲ ಎಂದು ನೋಡುವುದೇ ಅವರ ಕೆಲಸ. ಅಜ್ಜನಿಗೆ ಹುಷಾರಿಲ್ಲವೆಂದು ಕೇಳಿ ಬಂದು ಬಾಗಿಲ ಹತ್ತಿರ ಕೂತಿದ್ದರು. ನಮ್ಮ ಕಡೆ ಜೈನರನ್ನೂ ಗೌಡರೆಂದೇ ಕರೆಯುವುದು.

"ಗೌಡ್ರೆ, ನನ್ನ ಬಿಟ್ಟು ಹೊರಟ್ರಾ?"

"ನಿನ್ನ ಕರ್ಕೊಂಡ್ ಹೋದ್ರೆ ಅಲ್ಲೂ ಬೀಡಿ ಕೇಳ್ತೀಯ" ಎಂದರು ಅಜ್ಜ. ಇಷ್ಟು ಹೇಳಲು ಅವರಿಗೆ ನಾಲ್ಕು ಉಸಿರು ಬೇಕಾಯಿತು.

ನಾನು ನನ್ನ ಹೊತ್ತಿಗೆ ಸರಿಯಾಗಿ ಮೀಟರು ತೆಗೆದು ಪ್ಲಗ್ಗು ಕಿತ್ತೆ. ಬಲ್ಬು ಬೆಳ್ಳಗೆ ಬೆಳಗಿತು. ಬೊಮ್ಮಣ್ಣ ತಲೆಯೆತ್ತಿ ನೋಡಿದರು.

"ಇರು ಇರು. ಅದನ್ನ ತಿರುಗಾ ಹಾಕು."

ಹಾಕಿದೆ. ಯಂತ್ರ ಗುರುಗುಟ್ಟಿತು. ಬಲ್ಬು ಕೆಂಡದ ಬಣ್ಣಕ್ಕೆ ಇಳಿಯಿತು.

"ನೀ ಯಾವಾಗ್ಲೂ ಹಿಂಗೇ ನೋಡೋದಾ? ಇದನ್ನ ಕಿತ್ತಿಟ್ಟು?"

"ಸಾಕೆಟ್ ಒಂದೇ ಅಲ್ವಾ ಬೊಮ್ಮಣ್ಣ."

ಅವರು ನನ್ನನ್ನೇ ನೋಡಿದರು. ಬೈಯಲಿಲ್ಲ. "ಹೊರೆ ಇಳಿಸಿ ನಿಂತ ಆಳನ್ನ ದಣಿವಾಯ್ತಾ ಅಂತ ಕೇಳಿದ್ರೆ ಇಲ್ಲಾಂತಾನೆ ಹೇಳ್ತಾನೆ" ಎಂದರು. "ಹೊತ್ಕೊಂಡು ಏರಿ ಹತ್ತುವಾಗ ಕೇಳ್ಬೇಕು. ನಮ್ಮ ಬೇಲಿಗೆ ಹುಲ್ಲು ತಾಗಿದ್ರೂ ಬ್ಯಾಟರಿ ಹತ್ರ ಎಲ್ಲಾ ಚಂದ ತೋರಿಸ್ತದೆ. ಕೊನೇ ಕಂಬದಲ್ಲಿ ಬಲ ಇಲ್ಲ. ಆನೆ ಬರೋದು ಕೊನೇ ಕಂಬದಲ್ಲೇ."

ಅವರೇ ಎದ್ದು, ಪಂಚೆಯ ತುದಿಯಲ್ಲಿ ಹಿಡಿದು ಬಲ್ಬು ಬಿಚ್ಚಿದರು. ಯಂತ್ರ ಓಡುತ್ತಲೇ ಇತ್ತು. ಖಾಲಿ ಹೋಲ್ಡರಿನ ಎರಡು ಮೊಳೆಗೆ ನಾನು ಕಡ್ಡಿ ಮುಟ್ಟಿಸಿದೆ.

ನೂರ ಎಪ್ಪತ್ತೊಂದು.

ಮೀಟರು ಕೆಟ್ಟಿದೆ ಎಂದುಕೊಂಡೆ. ಮತ್ತೆ ಮುಟ್ಟಿಸಿದೆ. ನೂರ ಎಪ್ಪತ್ತು. ಮೂರನೇ ಸಲ ನೂರ ಎಪ್ಪತ್ತೆರಡು. ಸರಾಸರಿ ನೂರ ಎಪ್ಪತ್ತೊಂದು. ಇದನ್ನು ನೀವು ನಂಬುವುದಿಲ್ಲ, ಆ ಹೊತ್ತಿನಲ್ಲೂ ನನ್ನ ತಲೆ ಸರಾಸರಿ ತೆಗೆಯಿತು. ಒಂದು ಬಲ್ಬಿಗೆಂದು ಎಳೆದ ತೆಳ್ಳನೆಯ ವೈರು. ಅದರ ಮೇಲೆ ಹಗಲೂ ರಾತ್ರಿ ಓಡುವ ಯಂತ್ರ. ಯಂತ್ರ ನಿಂತಾಗ ವೈರಿಗೆ ಹೊರೆಯಿಲ್ಲ, ತುದಿಯಲ್ಲೂ ತುಂಬು ವೋಲ್ಟೇಜು. ಯಂತ್ರ ಓಡಿದ ಕೂಡಲೇ ಐವತ್ತೈದು ವೋಲ್ಟು ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಅಜ್ಜನಿಗೆ ಗಾಳಿ ಸಾಲದೇ ಹೋದ ಹೊತ್ತನ್ನೆಲ್ಲ ಬಿಟ್ಟು, ಯಂತ್ರ ಸುಮ್ಮನಿದ್ದ ಮೂರು ನಿಮಿಷವನ್ನು ಮಾತ್ರ ನಾನು ಹತ್ತು ದಿನ ಅಳೆದಿದ್ದೆ.

ಬೊಮ್ಮಣ್ಣ ಬಲ್ಬನ್ನು ಮತ್ತೆ ಹಾಕುತ್ತ ಕೇಳಿದರು, "ಗೌಡ್ರೆ, ಇದು ಹಿಂಗೆ ಮಂಕಾಗೋದು ಯಾವಾಗಿಂದ?"

"ಮೆಷೀನು ಬಂದಾಗಿಂದ," ಎಂದರು ಅಜ್ಜ. ನನ್ನ ಕಡೆ ತಿರುಗಿದರು. "ದಿನಾ ಹೇಳಿದ್ನಲ್ಲ ಮಗ. ಕ್ಷೀಣ ಆಗ್ತಾ ಉಂಟು ಅಂತ. ನೀ ಬರ್ಕೊಂಡೆಯಲ್ಲ."

"ನಿಮಗೆ ಕ್ಷೀಣ ಅಂತ…"

"ನನಗಲ್ಲ. ದೀಪಕ್ಕೆ."

ದೀಪ ಕ್ಷೀಣವಾಗುವುದು. ಚಂದ್ರ ಕ್ಷೀಣವಾಗುವುದು. ಹಳೇ ಕನ್ನಡ ಪುಸ್ತಕ ಓದಿ ಬೆಳೆದವರ ಮಾತು. ಕ್ಷೀಣವೆಂದರೆ ಕುಗ್ಗುವುದು, ಇಳಿಯುವುದು. ಅಜ್ಜ ಮಲಗಿದಲ್ಲೇ ಬಲ್ಬು ನೋಡಿ, ಯಾವ ಮೀಟರೂ ಇಲ್ಲದೆ, ಪ್ರತಿದಿನ ನನಗೆ ಸರಿಯಾದ ಅಂಕಿ ಹೇಳುತ್ತಿದ್ದರು. ನಾನು ಅದನ್ನು ಪಕ್ಕದ ಭಾಷೆಯಲ್ಲಿ ಕೇಳಿಸಿಕೊಂಡು, ದಿಂಬು ಸರಿಮಾಡಿ, ಗೀಟು ಹಾಕುತ್ತಿದ್ದೆ.

ಹೊರಗೆ ವೈರಿನ ದಾರಿ ಹಿಡಿದು ಹೊರಟ ಬೊಮ್ಮಣ್ಣ ಸಿಲ್ವರ್ ಓಕ್ ಮರದ ಕೆಳಗಿಂದ ಕೂಗಿದರು. ಅಲ್ಲಿಯ ಗಂಟಿನ ಟೇಪು ಕರಗಿ ಕಂದು ರಸದ ಹಾಗೆ ತೊಗಟೆಯ ಮೇಲೆ ಇಳಿದಿತ್ತು. ತೊಗಟೆ ಕಪ್ಪಾಗಿತ್ತು. ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಬಂದದ್ದು ಆ ವಾಸನೆಯೇ. ಗದ್ದೆಯ ಮೇಲಿನ ಗಾಳಿ ಹತ್ತು ದಿನ ಅದನ್ನು ಹೊಳೆಯ ಆಚೆಗೆ ಒಯ್ದಿರಬೇಕು. ದಿನಾ ಅದರ ಕೆಳಗೇ ನಡೆದುಹೋದ ನನಗೆ ಗೊತ್ತಾಗಿರಲಿಲ್ಲ.

ಇನ್ನು ಒಂದು ಗಂಟೆಯೂ ಅಜ್ಜನನ್ನು ಅಲ್ಲಿ ಬಿಡುವ ಹಾಗಿರಲಿಲ್ಲ. ದಪ್ಪ ವೈರು ಬರುವವರೆಗೆ ನಮ್ಮ ಮನೆಗೇ ತರಬೇಕು. ಆದರೆ ಗದ್ದೆ ದಾಟುವಷ್ಟು ಹೊತ್ತು ಯಂತ್ರವಿಲ್ಲದೆ ಹೇಗೆ? ಸಿಸ್ಟರು ಫೋನಿನಲ್ಲಿ "ಕೂರಿಸಿಯೇ ತನ್ನಿ, ಐದು ನಿಮಿಷ ಮೀರಬೇಡಿ" ಎಂದರು. ಅಪ್ಪ ಮರದ ಕುರ್ಚಿಗೆ ಎರಡು ಬಿದಿರು ಕಟ್ಟಿದ. ಪಕ್ಕದ ಮನೆಯ ಇಬ್ಬರು ಯಂತ್ರ ಹೊತ್ತು ಮುಂದೆ ಓಡಬೇಕು. ಅಪ್ಪನೂ ಬೊಮ್ಮಣ್ಣನೂ ಕುರ್ಚಿ ಹೊತ್ತು ಹಿಂದೆ. ಎಲ್ಲ ಸಿದ್ಧವಾದ ಮೇಲೆ ಅತ್ತೆ ಪ್ಲಗ್ಗಿನ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಕೀಳಲು ಕೈ ಬರಲಿಲ್ಲ.

ಅಜ್ಜ ಮೂಗಿನ ಕೊಳವೆಯನ್ನು ಒಂದಿಷ್ಟು ಸರಿಸಿದರು.

"ಹೆದರ್ಬೇಡ ಸುಮತಿ. ನನಗೆ ಅಭ್ಯಾಸ ಆಗಿದೆ. ಇವಳು ದಿನಾ ತೆಗೀತಿದ್ಲಲ್ಲ."

ಅತ್ತೆ ತಿರುಗಿ ನನ್ನನ್ನು ನೋಡಿದರು.

"ತೆಗೆದ ಕೂಡಲೇ ನಾನು ಪಂಚನಮಸ್ಕಾರ ಮಂತ್ರ ಶುರು ಮಾಡ್ತಿದ್ದೆ. ಒಂಬತ್ತು ಸಲ ಮುಗಿಯೋ ಹೊತ್ತಿಗೆ ತಿರುಗಾ ಹಾಕ್ತಿದ್ಲು. ಲೆಕ್ಕದ ಹುಡುಗಿ, ಹೆಚ್ಚುಕಮ್ಮಿ ಇಲ್ಲ." ಉಸಿರು ಎಳೆದುಕೊಂಡರು. "ಒಂದು ದಿನ ಮಾತ್ರ ಹದಿಮೂರು ಆಯ್ತು. ಆವತ್ತು ಸ್ವಲ್ಪ ಕಷ್ಟ ಆಯ್ತು."

ನನ್ನ ಕೈಯಲ್ಲೇ ಡೈರಿ ಇತ್ತು. ತೆಗೆದು ನೋಡುವ ಅಗತ್ಯವಿರಲಿಲ್ಲ. ಕುಂಭ ೧೪, ಶನಿವಾರ. ಸಾಲಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೆ: 'ಪೆನ್ನು ಮುಗಿಯಿತು. ಅತ್ತೆಯ ಪೆನ್ನು.' ಅತ್ತೆ ಪೆನ್ನು ಹುಡುಕಿ ತರುವವರೆಗೆ ನಾನು ಅಂಕಿ ಮರೆತುಹೋಗಬಾರದೆಂದು ಮೀಟರನ್ನು ಸಾಕೆಟ್ಟಿನಲ್ಲೇ ಬಿಟ್ಟಿದ್ದೆ.

"ಯಾಕೆ ಹೇಳ್ಲಿಲ್ಲ ಅಜ್ಜ?" ಎಂದು ಕೇಳಿದೆ.

"ನಿನ್ನ ಪುಸ್ತಕಕ್ಕೆ ಬೇಕಿತ್ತಲ್ಲ ಮಗ" ಎಂದರು. ಅಷ್ಟು ಸಾದಾ ಆಗಿ. ಕೊಳವೆಯನ್ನು ಅವರೇ ಮೂಗಿನಿಂದ ತೆಗೆದು ಅತ್ತೆಯ ಕೈಗೆ ಕೊಟ್ಟರು.

ಗದ್ದೆ ದಾಟುವಾಗ ನಾನು ಕುರ್ಚಿಯ ಪಕ್ಕ ಓಡಿದೆ. ಕೊಯ್ಲಾದ ಗದ್ದೆ, ಕೂಳೆ ಚುಚ್ಚುತ್ತಿತ್ತು. ಕೈಯಲ್ಲಿ ಗಡಿಯಾರವಿದ್ದರೂ ನೋಡಲಿಲ್ಲ. ಅಜ್ಜನ ಬಲಗೈ ನೋಡಿದೆ. ಹೆಬ್ಬೆರಳು ಬೆರಳಿನ ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ಒಂದು ಗೆಣ್ಣಿಗೆ ಒಂದು ನಮಸ್ಕಾರ. ಒಂಬತ್ತು ದಾಟಿದಾಗ ತುಟಿ ನೀಲಿಯಾಗುತ್ತಿತ್ತು. ಹದಿಮೂರು ದಾಟಿದಾಗ ಬೊಮ್ಮಣ್ಣ ನೆಲ ನೋಡದೆ ಓಡುತ್ತಿದ್ದರು. ಹದಿನಾರಕ್ಕೆ ನಮ್ಮ ಜಗಲಿ. ಒಳಗೆ ಯಂತ್ರ ಆಗಲೇ ಗುರುಗುಟ್ಟುತ್ತಿತ್ತು. ಆ ಸದ್ದು ಅಜ್ಜನ ಕೋಣೆಯಲ್ಲಿ ಕೇಳಿದ ಸದ್ದಲ್ಲ. ಹೊಟ್ಟೆ ತುಂಬ ಉಂಡವನ ಸ್ವರ. ಹತ್ತು ದಿನ ನಾವು ಅದರ ನರಳಾಟವನ್ನೇ ಅದರ ಸ್ವರ ಎಂದುಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಬೆರಳಿನ ಅಂಕಿ ತೊಂಬತ್ತೆರಡು. ಅಮಾವಾಸ್ಯೆ ಕಳೆದ ದಿನ ಅಜ್ಜ ಗಂಜಿಯ ಬಟ್ಟಲು ನೋಡಿ ಅಮ್ಮನಿಗೆ "ನೇಮ ಮುಗೀತು. ಉಪ್ಪಿಗೆ ಬರಗಾಲವಾ ನಿಮ್ಮನೇಲಿ?" ಎಂದರು. ಹಿಂದೆ ನಿಂತಿದ್ದ ಸುಮತಿ ಅತ್ತೆ ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟು, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ದಪ್ಪ ವೈರಿಗೆ ನಾನೂ ಅಪ್ಪನೂ ಪನಮರದ ಪೇಟೆಗೆ ಹೋದೆವು. ಅಂಗಡಿಯವ ಮೊದಲು ಕೇಳಿದ್ದೇ "ಎಷ್ಟು ದೂರ? ತುದಿಯಲ್ಲಿ ಎಂತ ಓಡುತ್ತೆ?" ಎಂದು. ಎಷ್ಟು ಸುಲಭದ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ನನ್ನ ಡೈರಿಯಲ್ಲಿ ವರ್ಷಗಳಿಂದ ಇತ್ತು. ಎರಡನೆಯದನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ. ಒಂದೂ ಗಂಟಿಲ್ಲದ ವೈರು ಎಳೆದೆವು, ಎರಡನೇ ಸಾಕೆಟ್ ಹಾಕಿಸಿದೆವು. ಯಂತ್ರ ಓಡುತ್ತಿರುವಾಗಲೇ ತುದಿಯಲ್ಲಿ ಇನ್ನೂರ ಹದಿನೆಂಟು ಬಂದ ದಿನ ಅಜ್ಜ ತಮ್ಮ ಹೊಳೆಗೆ ಮರಳಿದರು. ಮುಂದಿನ ಕರ್ಕಾಟಕ ಮಾಸದ ಮಳೆಯವರೆಗೆ ಅದನ್ನು ನೋಡಿಕೊಂಡರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದ ಒಂದು ಮಧ್ಯಾಹ್ನ, ಯಂತ್ರ ಸರಿಯಾಗಿ ಓಡುತ್ತಿರುವಾಗಲೇ ಹೋದರು. ಸಿಸ್ಟರು ನನ್ನ ಹೆಗಲು ಹಿಡಿದು "ಇದು ಕರೆಂಟಲ್ಲ ಮೋಳೆ" ಎಂದರು. ಆ ಮಾತು ಬೇಕಿತ್ತೆಂದು ಅವರಿಗೆ ಹೇಗೆ ಗೊತ್ತಾಯಿತೋ.

ಆ ಹತ್ತು ದಿನ ಅವರ ಆಯುಷ್ಯದಿಂದ ಎಷ್ಟನ್ನು ಕಳೆದವು ಎಂಬ ಲೆಕ್ಕ ನನ್ನಲ್ಲಿಲ್ಲ. ನನ್ನಲ್ಲಿರುವುದು ಇಷ್ಟೇ: ಒಂಬತ್ತು ದಿನ ಒಂಬತ್ತೊಂಬತ್ತು, ಒಂದು ದಿನ ಹದಿಮೂರು. ಒಟ್ಟು ತೊಂಬತ್ತನಾಲ್ಕು ನಮಸ್ಕಾರ. ಇದನ್ನು ಆ ಪಟ್ಟಿಯ ಅಡಿಯಲ್ಲಿ ಬರೆದಿದ್ದೇನೆ. ಅದಕ್ಕೆ ಸರಾಸರಿ ತೆಗೆದಿಲ್ಲ.

ಇವತ್ತು ಪ್ಲಗ್ಗು ಆರಿದ ಮೇಲೆ ಅಮ್ಮ ಅರ್ಧ ರುಬ್ಬಿದ ಕಾಯಿಯನ್ನು ಬಟ್ಟಲಿಗೆ ಬಗ್ಗಿಸಿದಳು. "ಯಾಕೋ ಬೆಳಿಗ್ಗೆಯಿಂದ ಕ್ಷೀಣ ಕಣೇ" ಎಂದಳು, ಯಾರಿಗೂ ಅಲ್ಲದ ಹಾಗೆ. ಬೇರೆ ದಿನವಾಗಿದ್ದರೆ ನಾನು "ಸ್ವಲ್ಪ ಕೂತ್ಕೋ" ಎಂದು ಹೇಳಿ ಬರೆಯಲು ಹೋಗುತ್ತಿದ್ದೆ. ಕೂತ ಮೇಲೆ ಕೇಳಿದರೆ ಅವಳು ಏನಿಲ್ಲ ಎನ್ನುತ್ತಾಳೆ. ಯಾವಾಗಲೂ ಹಾಗೇ ಅಂದಿದ್ದಾಳೆ. ಖಾನೆಯಲ್ಲಿ ಹಾಗೇ ಇದೆ.

ಅವಳು ನೀರಿನ ದೊಡ್ಡ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಒಲೆಯ ಕಡೆ ತಿರುಗುವವರೆಗೆ ಕಾದೆ. ಪಾತ್ರೆ ಅವಳ ಕೈಯಲ್ಲಿ ಇರುವಾಗಲೇ ಕೇಳಿದೆ.

"ಎಲ್ಲಿ ಅಮ್ಮ ಕ್ಷೀಣ?"

ಅವಳು ನಿಂತಳು. ನೀರು ಸ್ವಲ್ಪ ತುಳುಕಿತು.

"ಬಲಗಾಲು. ಮಂಡಿ ಕೆಳಗೆ. ನೆಲಕ್ಕೆ ಊರಿದ್ದೇ ಗೊತ್ತಾಗಲ್ಲ."

"ಯಾವಾಗಿಂದ?"

"ಓಣಂನಿಂದ" ಎಂದಳು.

ಆರು ತಿಂಗಳು. ನಾನು ಪಾತ್ರೆಗೆ ಕೈ ಕೊಟ್ಟೆ. ಅದು ನಾನು ಎಣಿಸಿದ್ದಕ್ಕಿಂತ ಭಾರವಿತ್ತು.